ಕಡಿಮೆ ಖರ್ಚಿನಲ್ಲಿ ಕುಟುಂಬದೊಂದಿಗೆ ಥೀಮ್ ಪಾರ್ಕಿನಲ್ಲಿ ಒಂದು ದಿನ ಕಳೆಯುವುದು ಹೇಗೆ?

ಪ್ರವೇಶ ಟಿಕೆಟ್ಟೇ ದೊಡ್ಡ ಖರ್ಚೆಂದು ನಾವು ಲೆಕ್ಕ ಹಾಕುತ್ತೇವೆ; ಆದರೆ ಒಳಗೆ ಹೋದ ಮೇಲೆ ಊಟ, ನೀರು, ಲಾಕರ್, ಫೋಟೊಗಳೆಂದು ಚೂರುಪಾರು ಕೈಬಿಡುವ ಹಣ ಕೆಲವೊಮ್ಮೆ ಅದನ್ನೂ ಮೀರಿಸುತ್ತದೆ. ಅನೇಕ ಪಾರ್ಕುಗಳಲ್ಲಿ ದರ ದಿನದಿಂದ ದಿನಕ್ಕೆ ಬದಲಾಗುವುದರಿಂದ, ಶಾಲೆಗಳಿಗೆ ರಜೆಯಿಲ್ಲದ ವಾರದ ನಡುವಿನ ದಿನವೊಂದನ್ನು ಆರಿಸಿ ಆನ್‌ಲೈನಿನಲ್ಲಿ ಮುಂಗಡವಾಗಿ ಟಿಕೆಟ್ ಕೊಂಡರೆ ಹಣವೂ ಉಳಿಯುತ್ತದೆ, ಸಾಲಿನಲ್ಲಿ ಕಾಯುವುದೂ ತಪ್ಪುತ್ತದೆ. ಜನಸಂದಣಿ ಕಡಿಮೆಯಿರುವ ಅಂಥ ದಿನ ಹೆಚ್ಚುವರಿ ಹಣ ತೆತ್ತು, ಸವಾರಿಯ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಕೊಳ್ಳುವುದು ನನ್ನ ಪ್ರಕಾರ ದಂಡ.

ಹೊರಡುವ ಮುನ್ನ ಮಕ್ಕಳನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ಎತ್ತರ ಅಳೆಯಿರಿ. ಹಲವು ಕಡೆ ಮಕ್ಕಳ ರಿಯಾಯಿತಿಯನ್ನು ನಿರ್ಧರಿಸುವುದು ವಯಸ್ಸಲ್ಲ, ಎತ್ತರ; ದೊಡ್ಡ ರೋಲರ್ ಕೋಸ್ಟರುಗಳಿಗೆ ಸಾಮಾನ್ಯವಾಗಿ 120ರಿಂದ 140 ಸೆಂಟಿಮೀಟರಿನ ಕನಿಷ್ಠ ಮಿತಿಯಿರುವುದರಿಂದ, 105 ಸೆಂಟಿಮೀಟರಿನ ಮಗುವನ್ನು ಅಂಥ ಸವಾರಿಗಳೇ ತುಂಬಿದ ಪಾರ್ಕಿಗೆ ಕರೆದೊಯ್ದರೆ ಅದು ದಿನವಿಡೀ ಕಂಬಿಯಾಚೆ ನಿಂತು ನೋಡಬೇಕಾಗುತ್ತದೆ. ತಂದೆ ಸವಾರಿ ಮುಗಿಸಿ ಬಂದೊಡನೆ, ಮಗುವಿನ ಜೊತೆ ಕಾದಿದ್ದ ತಾಯಿಯನ್ನು ಮತ್ತೆ ಸಾಲಿಗೆ ನಿಲ್ಲಿಸದೆ ಹತ್ತಿಸುವ ವ್ಯವಸ್ಥೆ ಕೆಲವು ದೊಡ್ಡ ಪಾರ್ಕುಗಳಲ್ಲಿ ಉಚಿತವಾಗಿಯೇ ಇರುತ್ತದೆ. ಸವಾರಿಯ ಬಾಗಿಲಲ್ಲಿ ಕೇಳಿ ನೋಡಿ.

ಹೊರಗಿನ ಆಹಾರಕ್ಕೆ ನಿಷೇಧವಿದ್ದು ಮರುಪ್ರವೇಶಕ್ಕೆ ಅವಕಾಶವಿದ್ದರೆ, ಅದರ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದು ಬುತ್ತಿ ಬಿಚ್ಚಬಹುದು. ಖಾಲಿ ನೀರಿನ ಬಾಟಲಿ, ಬದಲಿ ಬಟ್ಟೆ ಮತ್ತು ಟವೆಲ್ ಜೊತೆಗಿರಲಿ. ಸವಾರಿಯಿಂದ ಹೊರಬರುವ ದಾರಿ ನೇರ ಆಟಿಕೆಯಂಗಡಿಯೊಳಗೆ ತೆರೆದುಕೊಳ್ಳುವುದು ಆಕಸ್ಮಿಕವೇನಲ್ಲ. ಆದ್ದರಿಂದ ಪ್ರತಿ ಮಗುವಿಗೂ ಇಷ್ಟೇ ಹಣವೆಂದು ಮನೆಯಲ್ಲೇ ಅದರ ಕೈಗೆ ಕೊಟ್ಟುಬಿಡಿ.