ಚಳಿಗಾಲದಲ್ಲಿ ಮಾಸ್‌ಫೆಟ್ ಸಾಯುವುದು ಫ್ಯಾನ್ ಗಾಳಿಯಿಂದಲೇ?

ಶಿರಸಿಯಲ್ಲಿ ಸೋಲಾರ್ ಬೇಲಿಯ ಬೋರ್ಡ್ ಜೋಡಿಸುವ ಗೆಳೆಯರ ಪ್ರಶ್ನೆಗೆ ಉತ್ತರ. ಮಳೆಗಾಲದಲ್ಲಿ ಒಂದೂ ಹೋಗಲಿಲ್ಲ, ಜನವರಿಯಲ್ಲಿ ಮಾಸ್‌ಫೆಟ್‌ಗಳು (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು) ಸಾಲಾಗಿ ಹೋಗುತ್ತಿವೆ, ಟೇಬಲ್ ಫ್ಯಾನ್ ಕಾರಣವಾ, ಕಂಪ್ರೆಸರ್‌ನಿಂದ ದೂಳು ಊದುವುದಾ ಅಂತ ಕೇಳಿದ್ದೀರಿ.

ಬರೀ ಗಾಳಿಯಿಂದ ಹುಟ್ಟುವ ಸ್ಟ್ಯಾಟಿಕ್ (ಉಜ್ಜಿದಾಗ ಮೈಮೇಲೆ, ವಸ್ತುವಿನ ಮೇಲೆ ಕೂರುವ ವಿದ್ಯುತ್ ಚಾರ್ಜ್) ತೀರಾ ಕಡಿಮೆ. ಗಾಳಿ ಹೊತ್ತು ತರುವ ದೂಳು, ನೀರಿನ ಹನಿ ಬೋರ್ಡಿಗೆ ಬಡಿದು ಉಜ್ಜುತ್ತವಲ್ಲ, ಚಾರ್ಜ್ ಬರುವುದು ಅಲ್ಲಿ. ಹಾಗಾಗಿ ನನಗೆ ಕಂಪ್ರೆಸರ್ ಮೇಲೆಯೇ ಅನುಮಾನ ಜಾಸ್ತಿ. ಸದ್ಯಕ್ಕೆ ಅದನ್ನು ನಿಲ್ಲಿಸಿ, ಸ್ಟ್ಯಾಟಿಕ್ ಹುಟ್ಟಿಸದ ಇಎಸ್‌ಡಿ ಬ್ರಷ್ ಬಳಸಿ. ಫ್ಯಾನ್ ಎದುರು ಪಟಪಟ ಅನ್ನುವ ಪ್ಲಾಸ್ಟಿಕ್ ಕವರ್‌ಗಳಿದ್ದರೆ ಮೇಜಿನಿಂದ ತೆಗೆಯಿರಿ.

ಥರ್ಮಾಕೋಲ್ ಒಡೆದಾಗ ಬಿಳಿ ಚೂರುಗಳು ಮೊಣಕೈವರೆಗೂ ಅಂಟಿ, ಕೊಡವಿದರೂ ಬೀಳುವುದಿಲ್ಲ ಅಲ್ವಾ? ಹಾಗಾದ ದಿನ ಗಾಳಿ ಒಣಗಿದೆ ಅಂತಲೇ ಅರ್ಥ. ನಮ್ಮ ಕೈಗೆ ಚುರುಕ್ ಅನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಐಆರ್‌ಎಫ್540 ಅನ್ನುವ ಮಾಸ್‌ಫೆಟ್‌ನ ಗೇಟ್ (ಅದನ್ನು ಆನ್-ಆಫ್ ಮಾಡುವ ಕಾಲು) ತಡೆಯುವ ಮಿತಿ 20 ವೋಲ್ಟ್ ಮಾತ್ರ. ನಮಗೆ ಗೊತ್ತೇ ಆಗದ ಹಾಗೆ ಅದು ಸಾಯುತ್ತದೆ. ಕೆಲವೊಮ್ಮೆ ಅರೆಜೀವ ಆಗಿ, ಟೆಸ್ಟ್‌ನಲ್ಲಿ ಪಾಸಾಗಿ, ಯಾರದೋ ತೋಟದಲ್ಲಿ ಕೈ ಕೊಡುತ್ತದೆ. ನನಗೆ ಹೆಚ್ಚು ಬೇಸರ ಆಗುವುದು ಇದಕ್ಕೇ.

ಮಳೆಗಾಲದ ತೇವ ಸ್ಟ್ಯಾಟಿಕ್ ಅನ್ನು ತಾನಾಗಿಯೇ ಇಳಿಸುತ್ತಿತ್ತು. ಕಾರವಾರದಲ್ಲಿ ಸಮುದ್ರದ ಪಕ್ಕ ಇದ್ದೂ, ನನ್ನ ಕೋಣೆಗೆ ಏಸಿ ಹಾಕಿಸಿದ ಮೇಲೆ ನಿಮ್ಮದೇ ತೊಂದರೆ ಬಂತು. ಏಸಿ ತೇವ ಹೀರಿಬಿಡುತ್ತದೆ. ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡಿ. 40ರಿಂದ 60 ಪರ್ಸೆಂಟ್ ಇದ್ದರೆ ಒಳ್ಳೆಯದು.

ಮೈಯ ಚಾರ್ಜನ್ನು ಅರ್ಥ್‌ಗೆ ಇಳಿಸುವ ಮಣಿಕಟ್ಟಿನ ಪಟ್ಟಿ, ಅಂದರೆ ರಿಸ್ಟ್ ಸ್ಟ್ರಾಪ್ ಕಟ್ಟಿಯೇ ಕೂರಿ. ಒಳಗೆ 1 ಮೆಗಾಓಮ್ ರೆಸಿಸ್ಟರ್ ಇರಲೇಬೇಕು. ತಪ್ಪಿ 230 ವೋಲ್ಟ್ ಮುಟ್ಟಿದರೂ ಅದರ ಮೂಲಕ ಕಾಲು ಮಿಲಿಆಂಪ್‌ಗಿಂತ ಕಡಿಮೆ ಹರಿಯುತ್ತದೆ. ಬರೀ ತಾಮ್ರದ ತಂತಿ ಕೈಗೆ ಸುತ್ತಿ ಅರ್ಥ್ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಮೇಜಿನ ಮೇಲೆ ಹಾಸುವ ಇಎಸ್‌ಡಿ ಮ್ಯಾಟ್ ಮತ್ತು ಸ್ಟ್ರಾಪ್ ಎರಡೂ ಒಂದೇ ಅರ್ಥ್‌ಗೆ ಹೋಗಲಿ.

ಪ್ಲಾಸ್ಟಿಕ್ ಡಬ್ಬಿಗೆ ಮಾತ್ರ ಅರ್ಥ್ ನಾಟುವುದಿಲ್ಲ, ಅದರ ಮೇಲಿನ ಚಾರ್ಜ್ ಹರಿದು ಹೋಗುವುದೇ ಇಲ್ಲ. ಅಂಥದ್ದನ್ನು ಮೇಜಿನಿಂದ ದೂರ ಇಡಲು ಆಗದಿದ್ದರೆ ಅಯೋನೈಸರ್ ಫ್ಯಾನ್ ತೆಗೆದುಕೊಳ್ಳಿ. ಅದು ಪ್ಲಸ್, ಮೈನಸ್ ಅಯಾನು ಎರಡನ್ನೂ ಬೀಸಿ ಚಾರ್ಜ್ ಅಳಿಸುತ್ತದೆ. ಗಾಳಿ ಬೋರ್ಡಿಗೆ ನೇರವಾಗಿ ತಾಗಬೇಕು, ನಡುವೆ ಸಾಮಾನು ಅಡ್ಡ ಬರಬಾರದು. ಅಯಾನು ಹುಟ್ಟಿಸುವ ಅದರ ಸೂಜಿಗಳನ್ನು ಆಗಾಗ ಒರೆಸಿ. ದೂಳು ಕೂತು ಪ್ಲಸ್, ಮೈನಸ್ ಅಯಾನುಗಳ ಸಮತೋಲ ತಪ್ಪಿದರೆ ಅಯೋನೈಸರೇ ಬೋರ್ಡಿಗೆ ಚಾರ್ಜ್ ತುಂಬುತ್ತದೆ.