ಗ್ರಹಣದ ಫೋಟೊದಲ್ಲಿ ಕರೋನಾ ಯಾಕೆ ಮಂಜಾಯಿತು?

ಪ್ರಶ್ನೆ: 2024ರ ಏಪ್ರಿಲ್ 8ರ ಪೂರ್ಣ ಸೂರ್ಯಗ್ರಹಣದ ಹೊತ್ತಿಗೆ ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. 400 ಎಂಎಂ ಲೆನ್ಸ್ ಹಾಕಿ, ಟ್ರೈಪಾಡ್ ಮೇಲಿಟ್ಟು, 1/1000 ಸೆಕೆಂಡ್‌ನಿಂದ 1 ಸೆಕೆಂಡ್‌ವರೆಗೆ ಸುಮಾರು 40 ಫೋಟೊ ತೆಗೆದೆ. ಸೂರ್ಯನ ಸುತ್ತಲಿನ ಬೆಳಕಿನ ಪ್ರಭೆಯಲ್ಲಿ, ಅಂದರೆ ಕರೋನಾದಲ್ಲಿ, ಕಣ್ಣಿಗೆ ಕಂಡ ಉದ್ದುದ್ದ ಎಳೆಗಳು ಒಂದರಲ್ಲೂ ಬಂದಿಲ್ಲ. ಎಚ್‌ಡಿಆರ್ ಬಟನ್ ಒತ್ತಿ ಎಲ್ಲವನ್ನೂ ಸೇರಿಸಿದರೆ ಚಂದ್ರನ ಅಂಚು ಚೂಪಾಗಿದೆ, ಕರೋನಾ ಮಾತ್ರ ಮಂಜು ಮಂಜು. ಎಲ್ಲಿ ಎಡವಿದೆ? 2027ಕ್ಕೆ ಈಜಿಪ್ಟಿನ ಲಕ್ಸರ್‌ಗೆ ಹೋಗುವ ಆಸೆ ಇದೆ.
– ನಿವೃತ್ತ ಮೇಷ್ಟ್ರು, ಜಯನಗರ

ಉತ್ತರ: ಮೇಷ್ಟ್ರೇ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ಚಂದ್ರನ ಅಂಚು ಚೂಪಾಗಿದೆ, ಕರೋನಾ ಮಂಜಾಗಿದೆ ಅಂದಿದ್ದೀರಲ್ಲ. ಸಾಫ್ಟ್‌ವೇರ್ ಚಂದ್ರನನ್ನು ಹಿಡಿದು ಫೋಟೊಗಳನ್ನು ಜೋಡಿಸಿದೆ. ಅದು ಹಿಡಿಯಬೇಕಿದ್ದದ್ದು ಕರೋನಾವನ್ನು.

ಪೂರ್ಣಗ್ರಹಣದಲ್ಲಿ ಚಂದ್ರ ಸುಮ್ನೆ ನಿಂತಿರುವುದಿಲ್ಲ, ಸೂರ್ಯನ ಮುಂದೆ ಜಾರುತ್ತಲೇ ಇರುತ್ತಾನೆ. ಡಲ್ಲಾಸ್‌ನಲ್ಲಿ ಕತ್ತಲಿದ್ದದ್ದು 3 ನಿಮಿಷ 50 ಸೆಕೆಂಡ್ ಆಸುಪಾಸು. ಅಷ್ಟರಲ್ಲಿ ಅವನು ಸುಮಾರು 100 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ಸರಿದಿರುತ್ತಾನೆ. ಸೂರ್ಯನ ಅಗಲ ಸುಮಾರು 1,900 ಆರ್ಕ್‌ಸೆಕೆಂಡ್, ಹಾಗಾಗಿ ಇದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ಲೆಕ್ಕ ಬೇರೆ. ನಿಮ್ಮ ಪಿಕ್ಸೆಲ್ 4 ಮೈಕ್ರಾನ್ ಅಂದುಕೊಂಡರೆ, 400 ಎಂಎಂ ಲೆನ್ಸ್‌ನಲ್ಲಿ ಒಂದು ಪಿಕ್ಸೆಲ್‌ಗೆ 2 ಆರ್ಕ್‌ಸೆಕೆಂಡ್. ಮೊದಲ ಫೋಟೊಗೂ ಕೊನೆಯ ಫೋಟೊಗೂ ಚಂದ್ರ 50 ಪಿಕ್ಸೆಲ್ ಆಚೆ ಹೋಗಿದ್ದಾನೆ. ಚಂದ್ರನ ಮೇಲೆ ಚಂದ್ರನನ್ನು ಕೂರಿಸಿದರೆ ಹಿಂದಿನ ಕರೋನಾ ಅಷ್ಟೂ ಉದ್ದಕ್ಕೆ ಒರೆಸಿದಂತಾಗುತ್ತದೆ. ನಿಮ್ಮ ಎಳೆಗಳು ಹೋದದ್ದು ಅಲ್ಲೇ. ಫೋಟೊಗಳು ಕೆಟ್ಟಿಲ್ಲ, ಜೋಡಣೆ ಕೆಟ್ಟಿದೆ.

ಇನ್ನೊಂದು ಸಣ್ಣ ತಪ್ಪು ತೆಗೆಯುವಾಗಲೇ ಆಗಿದೆ. ಭೂಮಿ ತಿರುಗುವುದರಿಂದ ಸೂರ್ಯ ಆಕಾಶದಲ್ಲಿ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಓಡುತ್ತಾನೆ. ಸುಮ್ಮನೆ ನಿಲ್ಲಿಸಿದ ಟ್ರೈಪಾಡ್ ಮೇಲೆ 1 ಸೆಕೆಂಡ್ ಶಟರ್ ತೆರೆದರೆ ಏಳು ಪಿಕ್ಸೆಲ್ ಎಳೆದುಹೋಗುತ್ತದೆ. ಆ ಫೋಟೊಗಳಲ್ಲಿ ಹೊರಗಿನ ಮಸುಕು ಬೆಳಕನ್ನು ಮಾತ್ರ ಇಟ್ಟುಕೊಳ್ಳಿ, ಸಣ್ಣ ಎಳೆಗಳನ್ನು ಅವುಗಳಿಂದ ನಿರೀಕ್ಷಿಸಬೇಡಿ.

ಈಗ ಕಂಪ್ಯೂಟರ್ ಮುಂದೆ ಕೂರೋಣ. ಎಚ್‌ಡಿಆರ್ ಬಟನ್ ಮರೆತುಬಿಡಿ. ಚಂದ್ರನ ಅಂಚಿನ ಪಕ್ಕದ ಕರೋನಾಗೂ, ಒಂದು ಸೂರ್ಯನಷ್ಟು ದೂರ ಆಚೆಯ ಕರೋನಾಗೂ ಹೊಳಪಿನಲ್ಲಿ ನೂರು ಪಟ್ಟಿಗೂ ಜಾಸ್ತಿ ವ್ಯತ್ಯಾಸ ಇದೆ. ನಮ್ಮ ಕಣ್ಣು ಅದನ್ನು ಹೇಗೋ ನಿಭಾಯಿಸುತ್ತದೆ. ಒಂದೇ ಫೋಟೊಗೆ ಅದು ಆಗದ ಕೆಲಸ. ಆ ಬಟನ್ ಇರುವುದು ಕಿಟಕಿ ಪಕ್ಕ ನಿಂತ ಮನುಷ್ಯನ ಮುಖ ಬೆಳಗಿಸುವುದಕ್ಕೆ. ಅದು ಬೆಳಕಿನ ಲೆಕ್ಕವನ್ನೇ ತಿರುಚಿಬಿಡುತ್ತದೆ.

ರಾ ಫೈಲ್‌ಗಳನ್ನು ಯಾವ ಶಾರ್ಪ್‌ನೆಸ್, ಕಾಂಟ್ರಾಸ್ಟ್ ಕೂಡ ಕೊಡದೆ 16 ಬಿಟ್ ಟಿಫ್ ಮಾಡಿ. ಸಿರಿಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೆ ಸಾಕು. ಆಮೇಲೆ ಜೋಡಣೆ. ಫೋಟೊಶಾಪ್ ಅಥವಾ ಗಿಂಪ್‌ನಲ್ಲಿ ಕೈಯಲ್ಲೇ ಮಾಡುವುದಾದರೆ, ಶಟರ್ ತೆರೆದ ಹೊತ್ತು ಹತ್ತಿರ ಹತ್ತಿರ ಇರುವ ಫೋಟೊಗಳನ್ನು ಎರಡೆರಡಾಗಿ ತೆಗೆದುಕೊಳ್ಳಿ. 1/100 ಮತ್ತು 1/25 ಅನ್ನಿ. ಎರಡರಲ್ಲೂ ಚೆನ್ನಾಗಿ ಕಾಣುವ ಒಂದು ಎಳೆಯ ಬುಡ ಹುಡುಕಿ, 300 ಪರ್ಸೆಂಟ್ ಝೂಮ್ ಮಾಡಿ, ಎರಡರ ಹೊಳಪನ್ನೂ ಒಂದೇ ಮಟ್ಟಕ್ಕೆ ತಂದು, ಮೇಲಿನ ಲೇಯರನ್ನು ‘ಡಿಫರೆನ್ಸ್’ಗೆ (ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ ಬಗೆ) ಹಾಕಿ ಬಾಣದ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಸರಿಸಿ. ಎರಡೂ ಕಡೆಯ ಎಳೆಗಳು ಒಟ್ಟಿಗೆ ಮಾಯವಾದರೆ ಕೂತಿತು ಅಂತ. ಆಗ ಚಂದ್ರನ ಒಂದು ಅಂಚಿನಲ್ಲಿ ತೆಳ್ಳಗಿನ ಕುಡಗೋಲು ಕಾಣಿಸುತ್ತದೆ. ಕಂಡರೆ ಗಾಬರಿ ಬೇಡ, ಖುಷಿಪಡಿ. ಚಂದ್ರ ಜಾರಿದ ಗುರುತು ಅದು. ನಡುವೆ ಟ್ರೈಪಾಡ್ ತಲೆ ತಿರುಗಿಸಿದ್ದರೆ ಫೋಟೊವನ್ನು ಚೂರು ತಿರುಗಿಸಲೂ ಬೇಕಾಗಬಹುದು. 40 ಫೋಟೊಗೂ ಇದನ್ನು ಮಾಡುವ ಹುಚ್ಚು ಬೇಡ. ಒಳ್ಳೆಯ ಎಂಟು ಹತ್ತು ಆರಿಸಿಕೊಳ್ಳಿ, ಒಂದು ಭಾನುವಾರ ಅದಕ್ಕೇ ಇಡಿ. ಚೆಕ್ ದೇಶದ ಗಣಿತಜ್ಞ ಮಿಲೊಸ್ಲಾವ್ ಡ್ರುಕ್‌ಮ್ಯೂಲರ್ ಇದೇ ಕೆಲಸಕ್ಕೆ ಗಣಿತ ಹೆಣೆದು, ಕರೋನಾದ ಎಳೆಗಳಿಂದಲೇ ಜೋಡಣೆ ಮಾಡುವ ದಾರಿ ತೋರಿಸಿದವರು. ಇವತ್ತು ಕಾಣುವ ಬೆರಗಿನ ಕರೋನಾ ಚಿತ್ರಗಳಲ್ಲಿ ಬಹಳಷ್ಟು ಅವರವೇ.

ಸೇರಿಸುವಾಗ ಪ್ರತಿ ಫೋಟೊದಲ್ಲೂ ಪೂರ್ತಿ ಬೆಳ್ಳಗಾದ ಭಾಗ, ಕತ್ತಲಲ್ಲಿ ಮುಳುಗಿದ ಭಾಗ ಎರಡನ್ನೂ ಬಿಟ್ಟು ನಡುವಿನದನ್ನಷ್ಟೇ ತೆಗೆದುಕೊಳ್ಳಿ. ಈಗ ಬರುವ ಚಿತ್ರ ಸಪ್ಪೆಯಾಗಿರುತ್ತದೆ. ಎಳೆಗಳು ಒಳಗಿವೆ, ಎತ್ತಬೇಕು. ಚಿತ್ರದ ಒಂದು ಪ್ರತಿ ಮಾಡಿ, ಸೂರ್ಯನ ಕೇಂದ್ರದ ಸುತ್ತ ಅದನ್ನು ಕೆಲವು ಡಿಗ್ರಿ ತಿರುಗಿಸಿ ಮಸುಕು ಮಾಡಿ. ಫೋಟೊಶಾಪ್‌ನಲ್ಲಿ ರೇಡಿಯಲ್ ಬ್ಲರ್, ಗಿಂಪ್‌ನಲ್ಲಿ ಸರ್ಕ್ಯುಲರ್ ಮೋಷನ್ ಬ್ಲರ್. ಮೂಲದಿಂದ ಇದನ್ನು ಕಳೆದರೆ ಉಳಿಯುವುದು ಎಳೆಗಳು. ಅವನ್ನು ಮೂಲಕ್ಕೆ ಸ್ವಲ್ಪ ಸ್ವಲ್ಪವೇ ಕೂಡಿಸಿ. ತಿರುಗಿಸುವ ಕೇಂದ್ರ ಸೂರ್ಯನದು, ಚಂದ್ರನದಲ್ಲ. ಮತ್ತೆ ಅದೇ ಕಥೆ, ನೋಡಿ.

ಸ್ವಲ್ಪವೇ ಅಂದೆ. ಇಲ್ಲಿ ಕೈ ಜಾರುವವರೇ ಜಾಸ್ತಿ. ಮೊದಲ ಸಲ ಎಳೆ ಎದ್ದು ಬಂದಾಗ ಆಗುವ ಖುಷಿಯಲ್ಲಿ ಸ್ಲೈಡರ್ ಎಳೆಯುತ್ತಾ ಹೋದರೆ ಕರೋನಾ ತಲೆ ಬಾಚದ ಕೂದಲಿನಂತೆ ಕಾಣುತ್ತದೆ. ಎಳೆ ನಿಜವೋ ಸಾಫ್ಟ್‌ವೇರ್ ಹುಟ್ಟಿಸಿದ್ದೋ ಅನ್ನುವ ಅನುಮಾನ ಬಂದರೆ ಸೂರ್ಯನನ್ನು ಗಮನಿಸುವ ಸೋಹೊ ಬಾಹ್ಯಾಕಾಶ ನೌಕೆಯ ಲ್ಯಾಸ್ಕೊ ಕ್ಯಾಮೆರಾ ಅದೇ ದಿನ, ಅದೇ ಹೊತ್ತಿಗೆ ತೆಗೆದ ಚಿತ್ರ ನೋಡಿ. ಅವು ಎಲ್ಲರಿಗೂ ಸಿಗುತ್ತವೆ. ಹೊರಗಿನ ದೊಡ್ಡ ಕವಲುಗಳು ಎರಡರಲ್ಲೂ ಒಂದೇ ಕಡೆ ಇರಬೇಕು.

ಕೊನೆಗೆ ಚಂದ್ರ. ಕರೋನಾ ಜೋಡಿಸಿದ ಮೇಲೆ ಚಂದ್ರನ ಅಂಚು ಕಲಸಿಹೋಗಿರುತ್ತದೆ. ಗ್ರಹಣದ ನಡುವಿನ ಒಂದು ಫೋಟೊದಿಂದ ಚಂದ್ರನನ್ನು ಕತ್ತರಿಸಿ ಕೂರಿಸುವುದು ರೂಢಿ. ಇದು ಮೋಸವಾ ಅಂತ ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಚಿತ್ರದ ಕೆಳಗೆ ಒಂದು ಸಾಲು ಬರೆದುಬಿಡಿ. ನಿಮ್ಮ 1 ಸೆಕೆಂಡ್ ಫೋಟೊಗಳನ್ನು ಚೆನ್ನಾಗಿ ಬೆಳಗಿಸಿ ನೋಡಿದಿರಾ? ಭೂಮಿಯಿಂದ ಚಿಮ್ಮಿದ ಬೆಳಕಿನಲ್ಲಿ ಚಂದ್ರನ ಕಲೆಗಳೂ ಕಾಣಬಹುದು.

ಇನ್ನು ಲಕ್ಸರ್. 2027ರ ಆಗಸ್ಟ್ 2ರಂದು ಅಲ್ಲಿ ಆರು ನಿಮಿಷಕ್ಕೂ ಮೀರಿ ಪೂರ್ಣಗ್ರಹಣ. ಆದರೆ ಸೂರ್ಯ ಹತ್ತಿರ ಹತ್ತಿರ ನೆತ್ತಿಯ ಮೇಲಿರುತ್ತಾನೆ, 80 ಡಿಗ್ರಿಗೂ ಮೇಲೆ. ಉದ್ದ ಲೆನ್ಸನ್ನು ಹಾಗೆ ಆಕಾಶಕ್ಕೆ ನಿಲ್ಲಿಸಿದರೆ ಟ್ರೈಪಾಡ್‌ನ ಬಾಲ್ ಹೆಡ್ (ಕ್ಯಾಮೆರಾ ಕೂರುವ ತಿರುಗುವ ತಲೆ) ಮೆಲ್ಲಗೆ ಕುಸಿಯುತ್ತದೆ, ಸ್ಕ್ರೀನ್ ನೆಲ ನೋಡುತ್ತದೆ, ನೀವು ಕೆಳಗೆ ಮಲಗಿ ಇಣುಕಬೇಕು. ಈ ಕಷ್ಟವನ್ನು ಬೆಂಗಳೂರಿನಲ್ಲೇ ಮೊದಲು ಪಟ್ಟುಬಿಡಿ. ನಮ್ಮಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಗೇ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳಿಗೆ ತೋರಿಸುತ್ತಾರಲ್ಲ, ಅದು. ಅವತ್ತು ಸೋಲಾರ್ ಫಿಲ್ಟರ್ ಹಾಕಿ ತಾರಸಿ ಮೇಲೆ ಆರು ನಿಮಿಷದ ನಾಟಕ ಆಡಿ. ಹೆಡ್ ಕುಸಿಯುತ್ತದಾ, ಬಿಸಿಗೆ ಫೋಕಸ್ ಜರುಗುತ್ತದಾ, ಎಲ್ಲ ತಿಳಿಯುತ್ತದೆ. ಲೆನ್ಸ್ ಮೇಲೆ ಬಿಳಿ ಟವೆಲ್ ಹೊದಿಸಿ.

ಎಕ್ಸ್‌ಪೋಷರ್ ಕಲಿಯುವುದಕ್ಕೆ ತದಿಗೆ, ಚೌತಿಯ ಚಂದ್ರ ಸಾಕು. ಹೊಳೆಯುವ ಗೆರೆ ಒಂದು ಕಡೆ, ಮಸುಕಾದ ಉಳಿದ ಬಿಂಬ ಇನ್ನೊಂದು ಕಡೆ. ಎರಡನ್ನೂ ಒಂದೇ ಚಿತ್ರದಲ್ಲಿ ತಂದರೆ ಕರೋನಾದ ಅರ್ಧ ಪಾಠ ಮುಗಿಯಿತು. ಭಾದ್ರಪದದ ಚೌತಿ ಒಂದನ್ನು ಬಿಡಿ. ಅಪವಾದ ಬಂದರೆ ನಾನು ಜವಾಬ್ದಾರನಲ್ಲ.

ಗ್ರಹಣದ ದಿನ, ಸೂರ್ಯನ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇಲ್ಲದಿದ್ದರೆ ಐಎಸ್‌ಒ 400, ಎಫ್/5.6 ಇಡಿ. ಅಂಚಿನ ಹತ್ತಿರದ ಕರೋನಾಗೆ 1/1600, ಸೂರ್ಯನ ಅರ್ಧ ತ್ರಿಜ್ಯದ ಆಚೆಗೆ 1/100, ಒಂದು ತ್ರಿಜ್ಯಕ್ಕೆ 1/25, ಹೊರಗಿನದಕ್ಕೆ 1/6. ಅದಕ್ಕಿಂತ ನಿಧಾನ ಬೇಡ. ಫೋಕಸ್ ಅನ್ನು ಮೊದಲೇ ಸೂರ್ಯನ ಅಂಚಿನ ಮೇಲೆ ಮಾಡಿ ಟೇಪ್ ಅಂಟಿಸಿ. ಕತ್ತಲಾದ ತಕ್ಷಣ ಫಿಲ್ಟರ್ ತೆಗೆಯಿರಿ, ಬೆಳಕಿನ ಮೊದಲ ಹನಿ ಮರಳಿದ ತಕ್ಷಣ ಮತ್ತೆ ಹಾಕಿ. ಇದೇನು ಹೇಳುವ ಮಾತಾ ಅನ್ನಬೇಡಿ. 2017ರಲ್ಲಿ ಆರೆಗಾನ್‌ಗೆ ಅಷ್ಟು ದೂರ ಹೋಗಿ, ಇದ್ದ ಎರಡು ನಿಮಿಷದಲ್ಲಿ ಇಪ್ಪತ್ತು ಸೆಕೆಂಡ್ ಫಿಲ್ಟರ್ ತೆಗೆಯದೆ ಕಪ್ಪು ಫೋಟೊ ತೆಗೆದವನು ನಾನು. ಪಕ್ಕದಲ್ಲಿದ್ದ ಹೆಂಡತಿ ‘ರೀ, ಮುಚ್ಚಳ!’ ಅಂತ ಕೂಗಿದ್ದಕ್ಕೆ ಉಳಿದದ್ದು ದಕ್ಕಿತು.

ಪ್ರಶ್ನೆ: ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಅದರಲ್ಲಿ ಕರೋನಾ ಬರುತ್ತದಾ?
– ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಬರುತ್ತದೆ, ಸಣ್ಣ ಬಿಳಿ ಬಳೆಯಾಗಿ. ಝೂಮ್ ಮಾಡಿ ಒದ್ದಾಡಬೇಡಿ. ಮೊಬೈಲನ್ನು ಎಲ್ಲಾದರೂ ಒರಗಿಸಿ, ಜನ ಮತ್ತು ಆಕಾಶ ಎರಡೂ ಸಿಗುವಂತೆ ವಿಡಿಯೊಗೆ ಬಿಟ್ಟು, ನೀವು ಕಣ್ಣಲ್ಲಿ ನೋಡಿ. ಬರಿಗಣ್ಣಿನ ನೋಟ ಪೂರ್ತಿ ಕತ್ತಲಿದ್ದಾಗ ಮಾತ್ರ. ಅದರ ಹಿಂದೆ ಮುಂದೆ ಗ್ರಹಣದ ಕನ್ನಡಕ ಬೇಕೇ ಬೇಕು.

ಪ್ರಶ್ನೆ: 1980ರ ಗ್ರಹಣವನ್ನು ನಮ್ಮ ತಂದೆ ರಾಯಚೂರಿನ ಕಡೆ ಹೋಗಿ ತೆಗೆದಿದ್ದರು. ಮೂರು ಕಪ್ಪು ಬಿಳುಪು ನೆಗೆಟಿವ್ ಇವೆ. ಪ್ರಿಂಟ್‌ನಲ್ಲಿ ಚಂದ್ರನ ಸುತ್ತ ಬರೀ ಬಿಳಿ. ಮೂರನೆಯದಂತೂ ಪೂರ್ತಿ ಸುಟ್ಟುಹೋಗಿದೆ. ಇದರಿಂದ ಏನಾದರೂ ಎತ್ತಬಹುದಾ?
– ಓದುಗರು, ಮಲ್ಲೇಶ್ವರ

ಉತ್ತರ: ಖಂಡಿತ. ಪ್ರಿಂಟ್ ಸ್ಕ್ಯಾನ್ ಮಾಡಬೇಡಿ, ನೆಗೆಟಿವ್ ಮಾಡಿ. ಪ್ರಿಂಟ್ ಕಾಗದ ಹಿಡಿಯುವ ಬೆಳಕಿನ ಅಂತರ ಕಮ್ಮಿ. ಫಿಲ್ಮ್ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿದಿರುತ್ತದೆ. ಪ್ರಿಂಟ್‌ನಲ್ಲಿ ಬಿಳಿಯಾಗಿ ಹೋದ ಜಾಗ ನೆಗೆಟಿವ್‌ನಲ್ಲಿ ದಟ್ಟ ಕಪ್ಪಾಗಿರುತ್ತದೆ, ಆ ಕಪ್ಪಿನೊಳಗೆ ಎಳೆಗಳು ಕೂತಿರುತ್ತವೆ. 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡುವವರನ್ನು ಹುಡುಕಿ. ಒಂದೇ ನೆಗೆಟಿವನ್ನು ಬೆಳಕು ಹೆಚ್ಚು ಕಮ್ಮಿ ಮಾಡಿ ಎರಡು ಮೂರು ಸಲ ಮಾಡಿಸಿ. ಆಮೇಲೆ ಮೇಷ್ಟ್ರಿಗೆ ಹೇಳಿದ ಕೆಲಸವೇ. ಸುಟ್ಟುಹೋಗಿದೆ ಅಂದ ಮೂರನೆಯದು ಹೊರಗಿನ ಕರೋನಾಗೆ ಬೇಕಾದ ಫ್ರೇಮ್ ಇರಬಹುದು, ಬಿಸಾಡಬೇಡಿ.

1980ರ ಫೆಬ್ರುವರಿ 16, ಶನಿವಾರ ಮಧ್ಯಾಹ್ನ. ಕಾರವಾರದ ಕಡೆಯಿಂದ ಒಳಬಂದ ನೆರಳು ಹುಬ್ಬಳ್ಳಿ, ಗದಗ, ರಾಯಚೂರು ದಾಟಿ ಹೋಯಿತು. ಬೆಂಗಳೂರಿನಲ್ಲಿ ಪೂರ್ಣಗ್ರಹಣ ಇರಲಿಲ್ಲ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಆಗ ಸೂರ್ಯನ ಚಟುವಟಿಕೆ ಏರಿದ್ದ ಕಾಲ, ಹಾಗಾಗಿ ಕರೋನಾ ಸುತ್ತಲೂ ಹರಡಿತ್ತು. 2024ರಲ್ಲೂ ಹಾಗೇ. ನಿಮ್ಮ ತಂದೆಯ ಚಿತ್ರವನ್ನೂ ಜಯನಗರದ ಮೇಷ್ಟ್ರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಸೆ ನನಗೆ.

ಆ ದಿನ ನಾನು ಗದಗದಲ್ಲಿ ಅಜ್ಜಿ ಮನೆಯಲ್ಲಿದ್ದೆ, ನೆರಳಿನ ದಾರಿಯಲ್ಲೇ. ಅಜ್ಜಿ ಬಾಗಿಲು, ಕಿಟಕಿ ಎಲ್ಲ ಹಾಕಿ, ಉಪ್ಪಿನಕಾಯಿ ಭರಣಿಗೂ ದರ್ಬೆ ಇಟ್ಟು, ನಮ್ಮನ್ನು ನಡುಮನೆಯಲ್ಲಿ ಕೂರಿಸಿದ್ದರು. ಹೊರಗೆ ಕೋಳಿ ಕೂಗಿದ್ದು ಮಾತ್ರ ಕೇಳಿಸಿತು. ಸ್ಕ್ಯಾನ್ ಆದ ಮೇಲೆ ನನಗೂ ಒಂದು ಕಾಪಿ ಕಳಿಸಿ.