ಮಗಳ ಕಾಲೇಜಿನ ಖರ್ಚು: ಫ್ರಿಸ್ಕೋಗೆ ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ನಮಸ್ಕಾರ. ಆಗಸ್ಟಿನಲ್ಲಿ ಎಚ್-1ಬಿ ವೀಸಾದ ಮೇಲೆ ಬೆಂಗಳೂರಿನಿಂದ ಟೆಕ್ಸಾಸಿನ ಫ್ರಿಸ್ಕೋಗೆ ಬಂದಿದ್ದೀರಿ. ಮಗಳು ಇಲ್ಲಿ ಒಂಬತ್ತನೇ ತರಗತಿಗೆ ಸೇರಿದ್ದಾಳೆ. ಹಿಂದೊಮ್ಮೆ ಕಂಪನಿ ಕೆಲಸದ ಮೇಲೆ ಬಂದಿದ್ದಾಗ ಇಲ್ಲೇ ಹುಟ್ಟಿದ ಮಗ ನಾಲ್ಕನೇ ತರಗತಿಯಲ್ಲಿದ್ದಾನೆ. ಕಾಲೇಜಿಗೆ ಸ್ಕಾಲರ್‌ಶಿಪ್ ಸಿಗಬೇಕೆಂದರೆ ಈಗಿನಿಂದಲೇ ಏನು ಮಾಡಬೇಕು, ಅಕ್ಕಪಕ್ಕದವರು ಹೇಳುವಂತೆ ಕನ್ಸಲ್ಟೆಂಟ್ ಹಿಡಿಯಬೇಕೇ, ತುಮಕೂರಿನ ಸೈಟನ್ನು ಮಾರಿ ದುಡ್ಡು ತೆಗೆದಿಡುವುದು ಒಳ್ಳೆಯದೇ ಎಂದು ಕೇಳಿದ್ದೀರಿ.

ಮೊದಲು ಒಂದು ಮಾತು. ನಮ್ಮ ಕಡೆ ಸ್ಕಾಲರ್‌ಶಿಪ್ ಎಂದರೆ ಅಂಕ ಗಳಿಸಿದವರಿಗೆ ಕೊನೆಯಲ್ಲಿ ಸಿಗುವ ಬಹುಮಾನ ಎಂಬ ಭಾವನೆ ಇದೆ. ಇಲ್ಲಿ ಹಾಗಲ್ಲ. ಕಾಲೇಜು ಪ್ರಕಟಿಸುವ ಶುಲ್ಕ ಒಂದು, ಒಂದೊಂದು ಕುಟುಂಬ ನಿಜವಾಗಿ ಕಟ್ಟುವ ಹಣ ಇನ್ನೊಂದು. ಆ ಎರಡನೆಯ ಮೊತ್ತವನ್ನು ಬಹುಪಾಲು ನಿರ್ಧರಿಸುವುದು ನಿಮ್ಮ ವಲಸೆಯ ಸ್ಥಿತಿ, ಒಂದು ನಿರ್ದಿಷ್ಟ ವರ್ಷದ ಆದಾಯ ಮತ್ತು ಮಗಳು ಯಾವ ಕಾಲೇಜುಗಳಿಗೆ ಅರ್ಜಿ ಹಾಕುತ್ತಾಳೆ ಎಂಬುದು. ಪ್ರಬಂಧ ಬರೆದು ಗೆಲ್ಲುವ ಐನೂರು, ಸಾವಿರ ಡಾಲರುಗಳ ಬಹುಮಾನಗಳ ಹಿಂದೆ ವರ್ಷಗಟ್ಟಲೆ ಓಡುವವರನ್ನು ನೋಡಿದ್ದೇನೆ. ಆ ಶ್ರಮದ ಅರ್ಧವನ್ನು ಈ ಮೂರು ವಿಷಯಗಳಿಗೆ ಕೊಟ್ಟಿದ್ದರೆ ಅವರಿಗೆ ಎಷ್ಟೋ ಹೆಚ್ಚು ಉಳಿಯುತ್ತಿತ್ತು.

ವಲಸೆಯ ಸ್ಥಿತಿಯಿಂದ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಒಂದೇ ಸೂರಿನಡಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಕೇಂದ್ರ ಸರ್ಕಾರದ ನೆರವಿಗೆಲ್ಲ ಫ್ಯಾಫ್ಸಾ ಎಂಬ ಒಂದೇ ಅರ್ಜಿ. ಅದಕ್ಕೆ ಶುಲ್ಕವಿಲ್ಲ, ಸಾಮಾನ್ಯವಾಗಿ ಹನ್ನೆರಡನೇ ತರಗತಿಯ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಆದರೆ ಆ ನೆರವು ಸಿಗುವುದು ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ನಿರಾಶ್ರಿತರಂಥ ಕೆಲವು ವರ್ಗಗಳಿಗೆ ಮಾತ್ರ. ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ನಿಮ್ಮ ಮಗಳಿಗೆ ಪೆಲ್ ಗ್ರ್ಯಾಂಟ್ ಎಂಬ, ಮರಳಿಸಬೇಕಿಲ್ಲದ ಕೇಂದ್ರದ ನೆರವೂ ಇಲ್ಲ, ಸರ್ಕಾರಿ ಸಾಲವೂ ಇಲ್ಲ, ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸುವ ವರ್ಕ್-ಸ್ಟಡಿಯೂ ಇಲ್ಲ. ಮಗನ ಮಾತು ಬೇರೆ: ಅವನು ಹುಟ್ಟಿನಿಂದ ಇಲ್ಲಿನ ನಾಗರಿಕ, ತಂದೆತಾಯಿಯ ವೀಸಾ ಯಾವುದಾಗಿದ್ದರೂ ಅವನ ಅರ್ಹತೆಗೆ ಧಕ್ಕೆಯಿಲ್ಲ. ಟೆಕ್ಸಾಸಿನಲ್ಲಿ ಹೈಸ್ಕೂಲು ಮುಗಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ನೆರವಿನ ಅರ್ಜಿಯೊಂದನ್ನು ತುಂಬಬೇಕು, ಇಲ್ಲವೇ ಬೇಡವೆಂದು ಬರೆದುಕೊಡಬೇಕು ಎಂಬ ನಿಯಮವಿರುವುದರಿಂದ ಶಾಲೆಯವರು ಎಲ್ಲರಿಗೂ ಫ್ಯಾಫ್ಸಾ ತುಂಬಿಸಲು ಹೊರಡುತ್ತಾರೆ. ಆಗ ಮಗಳಿಗೆ ಅನ್ವಯಿಸುವುದು ಟ್ಯಾಸ್ಫಾ ಎಂಬ ರಾಜ್ಯದ ಅರ್ಜಿ ಎಂಬುದನ್ನು ನೀವೇ ನೆನಪಿಸಬೇಕಾಗಬಹುದು. ಅಷ್ಟೇ ಮುಖ್ಯವಾಗಿ, ಯಾವ ಅರ್ಜಿಯಲ್ಲಿಯೂ ಆಕೆಯನ್ನು ನಾಗರಿಕಳೆಂದು ಗುರುತು ಹಾಕಬೇಡಿ. ಆ ಒಂದು ಗುರುತು ಮುಂದೆ ಗ್ರೀನ್ ಕಾರ್ಡಿನ ಹೊತ್ತಿಗೆ ದೊಡ್ಡ ತೊಡಕಾಗುತ್ತದೆ.

ಕೇಂದ್ರದ ಬಾಗಿಲು ಮುಚ್ಚಿದ್ದರೂ ರಾಜ್ಯದ ಬಾಗಿಲು ತೆರೆದಿದೆ. ಟೆಕ್ಸಾಸಿನಲ್ಲಿ ಎಚ್-1ಬಿ ಮತ್ತು ಎಚ್-4ರವರು ಒಂದು ವರ್ಷ ನೆಲೆ ನಿಂತರೆ ಶುಲ್ಕದ ಮಟ್ಟಿಗೆ ರಾಜ್ಯದ ನಿವಾಸಿಗಳೆಂದು ಪರಿಗಣಿತರಾಗಬಹುದು. ಇದರ ಬೆಲೆ ಎಷ್ಟೆಂದರೆ, ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ನಿವಾಸಿಯ ಬೋಧನಾ ಶುಲ್ಕ ವರ್ಷಕ್ಕೆ ಸುಮಾರು 12 ಸಾವಿರ ಡಾಲರ್ ಆಗಿದ್ದರೆ ಹೊರಗಿನವರಿಗೆ 40 ಸಾವಿರವನ್ನು ಮೀರುತ್ತದೆ. ಯಾವ ಪ್ರಬಂಧ ಸ್ಪರ್ಧೆಯೂ ಇಷ್ಟು ಕೊಡುವುದಿಲ್ಲ. ಆದರೆ ಇಪ್ಪತ್ತೊಂದು ವರ್ಷ ತುಂಬಿದ ದಿನ ಮಗಳ ಎಚ್-4 ಕೊನೆಯಾಗುತ್ತದೆ, ಅದೂ ಕಾಲೇಜಿನ ನಡುವೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವ ಇಬಿ-2, ಇಬಿ-3 ವರ್ಗಗಳಲ್ಲಿ ಭಾರತೀಯರ ಸರದಿ ದಶಕಕ್ಕೂ ಮೀರಿ ಉದ್ದವಿರುವುದರಿಂದ ಅಷ್ಟರೊಳಗೆ ಗ್ರೀನ್ ಕಾರ್ಡ್ ಬಂದೀತೆಂದು ನಂಬಿ ಕೂರುವಂತಿಲ್ಲ. ಆಗ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಹೈಸ್ಕೂಲು ಮುಗಿಸುವ ಮುಂಚಿನ ಮೂರು ವರ್ಷ ಟೆಕ್ಸಾಸಿನಲ್ಲೇ ವಾಸವಿದ್ದು ಇಲ್ಲಿನ ಹೈಸ್ಕೂಲಿನಲ್ಲಿ ಉತ್ತೀರ್ಣರಾದವರನ್ನು ನಿವಾಸಿಗಳೆಂದು ಎಣಿಸುವ ಇನ್ನೊಂದು ನಿಯಮ ಇಲ್ಲಿದೆ. ಕಾನೂನುಬದ್ಧವಾಗಿ ನೆಲೆಸಿರುವವರಿಗೆ ಅದು ಆಸರೆಯಾಗುತ್ತದೆ. ಮಗಳು ಒಂಬತ್ತರಲ್ಲೇ ಇಲ್ಲಿಗೆ ಬಂದಿರುವುದು ಆ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಆದ್ದರಿಂದ ಹತ್ತು ಅಥವಾ ಹನ್ನೊಂದನೇ ತರಗತಿಯ ಹೊತ್ತಿಗೆ ಇನ್ನೊಂದು ರಾಜ್ಯದಲ್ಲಿ ಸ್ವಲ್ಪ ಹೆಚ್ಚು ಸಂಬಳದ ಕೆಲಸ ಸಿಕ್ಕರೆ, ಆ ಹೆಚ್ಚುವರಿಯ ಎದುರಿಗೆ ನಾಲ್ಕು ವರ್ಷದ ಈ ವ್ಯತ್ಯಾಸವನ್ನಿಟ್ಟು ತೂಗಿ ನೋಡಿ. ವಿಶ್ವವಿದ್ಯಾಲಯದಿಂದ ನಿವಾಸದ ವಿಷಯದ ಉತ್ತರವನ್ನು ಯಾವಾಗಲೂ ಇಮೇಲಿನಲ್ಲೇ ಪಡೆಯಿರಿ. ಫೋನಿನಲ್ಲಿ ಕೇಳಿದ್ದು ಬಿಲ್ ಬಂದ ದಿನ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಆದಾಯ. ನೆರವಿನ ಅರ್ಜಿಗಳು ಎರಡು ವರ್ಷ ಹಿಂದಿನ ತೆರಿಗೆ ವರ್ಷವನ್ನು ನೋಡುತ್ತವೆ. ನಿಮ್ಮ ಮಗಳು 2029ರ ಶರತ್ಕಾಲದಲ್ಲಿ ಕಾಲೇಜು ಸೇರುವುದಾದರೆ ಅವರು ಕೇಳುವುದು 2027ರ ಆದಾಯವನ್ನು. ಅಂದರೆ ಲೆಕ್ಕದ ಕಾಲ ಹತ್ತನೇ ತರಗತಿಯ ಜನವರಿಯಲ್ಲೇ ಶುರುವಾಗುತ್ತದೆ, ಹನ್ನೆರಡರಲ್ಲಿ ಅಲ್ಲ. ಸೈಟನ್ನು ಮಾರುವ ಯೋಚನೆ ನಿಜವಾಗಿದ್ದರೆ ಅದನ್ನು 2026ರೊಳಗೆ ಮುಗಿಸಿ, ಇಲ್ಲವೇ ಕಾಲೇಜು ಮುಗಿಯುತ್ತ ಬರುವವರೆಗೆ ಮುಂದೂಡಿ. 2027ರಲ್ಲಿ ಮಾರಿದರೆ ಬಂದ ಲಾಭವೆಲ್ಲ ಅದೇ ವರ್ಷದ ಆದಾಯದಲ್ಲಿ ಸೇರಿ ಅರ್ಜಿಯಲ್ಲಿ ನೀವು ಇರುವುದಕ್ಕಿಂತ ಸ್ಥಿತಿವಂತರಾಗಿ ಕಾಣುತ್ತೀರಿ. ಕಂಪನಿಯ ಷೇರು ಮಾರುವುದಕ್ಕೂ ಇದೇ ಮಾತು. ಮಾರದೆ ಇಟ್ಟುಕೊಂಡರೂ ಭಾರತದ ಸೈಟನ್ನು ಮುಚ್ಚಿಡುವಂತಿಲ್ಲ: ನೀವು ವಾಸಿಸುವ ಮನೆಯೊಂದನ್ನು ಬಿಟ್ಟು ಉಳಿದ ಸ್ಥಿರಾಸ್ತಿ, ಅದು ಯಾವ ದೇಶದಲ್ಲಿದ್ದರೂ, ಅರ್ಜಿ ಕಳಿಸುವ ದಿನದ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು ತೋರಿಸಬೇಕಾದ ಆಸ್ತಿ. ತಂದೆಯವರ ಹೆಸರಿನಲ್ಲಿರುವ ತೋಟ ನಿಮ್ಮದಲ್ಲ, ಅದನ್ನು ಸೇರಿಸಬೇಕಿಲ್ಲ. 401(ಕೆ) ನಿವೃತ್ತಿ ಖಾತೆಯಲ್ಲಿರುವ ಹಣವನ್ನು ಫ್ಯಾಫ್ಸಾ ಎಣಿಸುವುದಿಲ್ಲ. ತಂದೆತಾಯಿಯ ಇತರ ಉಳಿತಾಯದಲ್ಲಿ ಹೆಚ್ಚೆಂದರೆ ಶೇಕಡಾ 5.64ರಷ್ಟನ್ನು ಕಾಲೇಜಿಗೆ ಕೊಡಬಹುದಾದ ಹಣವೆಂದು ಎಣಿಸಿದರೆ, ಮಗುವಿನ ಹೆಸರಿನ ಉಳಿತಾಯದಲ್ಲಿ ಶೇಕಡಾ 20ನ್ನು ಎಣಿಸುತ್ತದೆ. ಹಾಗಾಗಿ ಮಗನ ಹೆಸರಿನಲ್ಲಿ ಖಾತೆ ತೆರೆದು ಅಜ್ಜಿತಾತ ಕೊಟ್ಟ ಹಣವನ್ನೆಲ್ಲ ಅಲ್ಲಿ ಹಾಕುವ ಬದಲು ನಿಮ್ಮ ಹೆಸರಿನಲ್ಲಿ 529 ಎಂಬ ಕಾಲೇಜು ಉಳಿತಾಯ ಖಾತೆ ತೆರೆಯಿರಿ. ಅದರ ಫಲಾನುಭವಿಯನ್ನು ಕುಟುಂಬದೊಳಗೆ ಬದಲಾಯಿಸಬಹುದು.

ಖಾಸಗಿ ಕಾಲೇಜುಗಳಲ್ಲಿ ಹಲವು ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿಯನ್ನು ಕೇಳುತ್ತವೆ. ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ವಾಸದ ಮನೆಯ ಬೆಲೆಯನ್ನೂ ಕೇಳುತ್ತದೆ. ಆದರೆ ನಾಗರಿಕರಲ್ಲದವರೂ ಅದನ್ನು ತುಂಬಬಹುದು, ಮತ್ತು ಮಗಳಿಗೆ ಕಾಲೇಜುಗಳ ಸ್ವಂತ ಹಣ ಸಿಗುವ ದಾರಿ ಅದೇ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ವಿಷಯ, ಕಾಲೇಜುಗಳ ಪಟ್ಟಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಪ್ರತಿಭೆಗೆಂದು ಒಂದು ಡಾಲರನ್ನೂ ಕೊಡುವುದಿಲ್ಲ. ಅಲ್ಲಿ ನೆರವೆಲ್ಲ ಕುಟುಂಬದ ಅಗತ್ಯವನ್ನು ನೋಡಿ ಮಾತ್ರ. ಅದರ ಇನ್ನೊಂದು ಮುಖವೂ ಇದೆ: ಈ ನಾಲ್ಕೂ ಕಡೆ ವಿದೇಶಿ ವಿದ್ಯಾರ್ಥಿಗಳಿಗೂ ಪ್ರವೇಶದ ವೇಳೆ ಹಣದ ಸ್ಥಿತಿಯನ್ನು ನೋಡದೆ ಆಯ್ಕೆ ಮಾಡಿ ಆಮೇಲೆ ಪೂರ್ತಿ ಅಗತ್ಯವನ್ನು ತುಂಬಿಕೊಡುತ್ತಾರೆ. 2025ರಿಂದ ಹಾರ್ವರ್ಡ್ ಮತ್ತು ಎಂಐಟಿ, ಸಾಮಾನ್ಯ ಪ್ರಮಾಣದ ಆಸ್ತಿಯಿದ್ದು ಎರಡು ಲಕ್ಷ ಡಾಲರಿಗಿಂತ ಕಡಿಮೆ ಆದಾಯವಿರುವ ಕುಟುಂಬಗಳಿಗೆ ಬೋಧನಾ ಶುಲ್ಕವನ್ನೇ ಬಿಟ್ಟಿವೆ. ಆದರೆ ಅಲ್ಲಿ ಪ್ರವೇಶ ಸಿಗುವುದು ಎಷ್ಟು ಕಷ್ಟವೆಂದು ನಿಮಗೂ ಗೊತ್ತು. ಪ್ರತಿಭೆಗೆ ಹಣ ಕೊಡುವುದು ಅವುಗಳ ಕೆಳಗಿನ ಸಾಲಿನ ವಿಶ್ವವಿದ್ಯಾಲಯಗಳು. ತಮ್ಮ ಸರಾಸರಿಗಿಂತ ಮೇಲಿರುವ ಮಕ್ಕಳನ್ನು ಸೆಳೆಯಲು ಅವು ಕೊಡುತ್ತವೆ. ಅಲಬಾಮಾ ವಿಶ್ವವಿದ್ಯಾಲಯ ಹೈಸ್ಕೂಲಿನ ಸರಾಸರಿ ಅಂಕವಾದ ಜಿಪಿಎ ಇಂತಿಷ್ಟಿದ್ದರೆ, ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ ಇಂತಿಷ್ಟು ಬಂದರೆ ಇಷ್ಟು ಹಣವೆಂದು ಮುಂಚಿತವಾಗಿಯೇ ಪಟ್ಟಿ ಪ್ರಕಟಿಸುತ್ತದೆ. ನಿಮ್ಮ ಮನೆಗೆ ಹತ್ತಿರದ ರಿಚರ್ಡ್‌ಸನ್ನಿನಲ್ಲಿರುವ ಯುಟಿ ಡಲ್ಲಾಸಿನಲ್ಲಿಯೂ ಪ್ರತಿಭೆಯ ಆಧಾರದ ನೆರವು ಸಾಕಷ್ಟಿದೆ.

ಯಾವ ಕಾಲೇಜು ನಿಜವಾಗಿ ಎಷ್ಟು ಕೊಡುತ್ತದೆಂದು ತಿಳಿಯಲು ಕನ್ಸಲ್ಟೆಂಟ್ ಬೇಡ. ಕಾಲೇಜುಗಳು ಒಂದೇ ನಮೂನೆಯಲ್ಲಿ ತಮ್ಮ ಅಂಕಿಅಂಶ ಪ್ರಕಟಿಸುವ ದಾಖಲೆಯೊಂದಿದೆ: ಆ ಕಾಲೇಜಿನ ಹೆಸರಿನೊಂದಿಗೆ ಕಾಮನ್ ಡೇಟಾ ಸೆಟ್ ಎಂದು ಹುಡುಕಿ, ಸಿಗುವ ಪಿಡಿಎಫ್‌ನಲ್ಲಿ ಎಚ್ ವಿಭಾಗಕ್ಕೆ ಹೋಗಿ. ಎಚ್2ಎ ಎಂಬ ಕೋಷ್ಟಕದಲ್ಲಿ, ಹಣದ ಅಗತ್ಯವಿಲ್ಲದಿದ್ದರೂ ಎಷ್ಟು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನೆರವು ಕೊಟ್ಟರು, ಸರಾಸರಿ ಎಷ್ಟು ಕೊಟ್ಟರು ಎಂಬುದಿರುತ್ತದೆ. ಸ್ವಲ್ಪ ಕೆಳಗೆ ಎಚ್6ರಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ನೆರವುಂಟೇ, ಉಂಟಾದರೆ ಎಷ್ಟು ಮಂದಿಗೆ ಎಂಬುದಿರುತ್ತದೆ. ನಿಮ್ಮ ಮಗಳಿಗೆ ಈ ಎರಡನೆಯ ಕೋಷ್ಟಕವೇ ನಿರ್ಣಾಯಕ, ಏಕೆಂದರೆ ಹಲವು ಖಾಸಗಿ ಕಾಲೇಜುಗಳು ಎಚ್-4ರವರನ್ನು ನೆರವಿನ ಮಟ್ಟಿಗೆ ವಿದೇಶಿಯರೊಂದಿಗೆ ಸೇರಿಸುತ್ತವೆ. ಪ್ರತಿ ಕಾಲೇಜಿನ ಜಾಲತಾಣದಲ್ಲಿಯೂ ಇರಲೇಬೇಕಾದ, ಕುಟುಂಬ ನಿಜವಾಗಿ ಕಟ್ಟಬೇಕಾದ ಹಣವನ್ನು ಅಂದಾಜಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಮಗನ ಲೆಕ್ಕಕ್ಕೆ ಚೆನ್ನಾಗಿ ಒದಗುತ್ತದೆ. ಅದು ಸಾಮಾನ್ಯವಾಗಿ ವಿದ್ಯಾರ್ಥಿ ನಾಗರಿಕನೆಂದೇ ಎಣಿಸುವುದರಿಂದ ಮಗಳ ಮಟ್ಟಿಗೆ ಅದನ್ನು ನಂಬಬೇಡಿ.

ಟೆಕ್ಸಾಸಿನ ಕಾನೂನಿನಲ್ಲಿ ಇನ್ನೊಂದು ಸಂಗತಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಸಾರ್ವಜನಿಕ ವಿಶ್ವವಿದ್ಯಾಲಯವೊಂದು ಸ್ಪರ್ಧೆಯ ಮೂಲಕ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಕೊಟ್ಟರೆ, ನಿವಾಸಿಯಲ್ಲದ ಅಥವಾ ವಿದೇಶಿ ವಿದ್ಯಾರ್ಥಿಯಿಂದಲೂ ನಿವಾಸಿಯ ಶುಲ್ಕವನ್ನಷ್ಟೇ ಪಡೆಯಲು ಅದಕ್ಕೆ ಅವಕಾಶವಿದೆ. ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಆ ಸಾವಿರ ಡಾಲರ್, ನಿವಾಸದ ಅರ್ಹತೆ ಕೈತಪ್ಪಿದ ಪಕ್ಷದಲ್ಲಿ ಹತ್ತಾರು ಸಾವಿರ ಉಳಿಸುತ್ತದೆ.

ಶಾಲೆಯಲ್ಲಿ ಈಗಲೇ ಮಾಡಬೇಕಾದದ್ದು ಗಣಿತದ ವಿಚಾರ. ಬೆಂಗಳೂರಿನಲ್ಲಿ ಎಂಟನೇ ತರಗತಿ ಮುಗಿಸಿದ ಮಕ್ಕಳನ್ನು ಇಲ್ಲಿ ಕೆಲವೊಮ್ಮೆ ಆಲ್ಜೀಬ್ರಾ-1ಕ್ಕೆ ಕೂರಿಸುತ್ತಾರೆ. ಟೆಕ್ಸಾಸಿನಲ್ಲಿ ಕ್ರೆಡಿಟ್ ಬೈ ಎಕ್ಸಾಮ್ ಎಂಬ ವ್ಯವಸ್ಥೆಯಿದ್ದು, ಪಾಠ ಕೇಳದೆಯೇ ಪರೀಕ್ಷೆ ಬರೆದು ಶೇಕಡಾ 80 ಪಡೆದರೆ ಆ ವಿಷಯದ ಕ್ರೆಡಿಟ್ ಸಿಗುತ್ತದೆ. ಬೇಸಿಗೆಯಲ್ಲಿ ಮಗಳು ಹೀಗೊಂದು ಮೆಟ್ಟಿಲು ಹತ್ತಿದರೆ ಹನ್ನೆರಡರೊಳಗೆ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ) ಕ್ಯಾಲ್ಕುಲಸ್ ತಲುಪುತ್ತಾಳೆ. ಇದು ತರಗತಿಯ ರ್‍ಯಾಂಕಿಗೂ ಸಂಬಂಧಿಸಿದ್ದು: ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಮೊದಲ ಶೇಕಡಾ 10ರೊಳಗಿನವರಿಗೆ ನೇರ ಪ್ರವೇಶ ಕೊಡುತ್ತವೆ, ಆಸ್ಟಿನ್ ಮಾತ್ರ 2026ರಿಂದ ಶೇಕಡಾ 5ಕ್ಕೆ ಇಳಿಸಿದೆ, ರ್‍ಯಾಂಕಿನ ಲೆಕ್ಕದಲ್ಲಿ ಎಪಿ ತರಗತಿಗಳಿಗೆ ಹೆಚ್ಚು ತೂಕ. ಹನ್ನೊಂದನೇ ತರಗತಿಯ ಅಕ್ಟೋಬರಿನಲ್ಲಿ ಬರೆಯುವ, ಎಸ್‌ಎಟಿಯ ಪೂರ್ವ ಪರೀಕ್ಷೆಯಾದ ಪಿಎಸ್‌ಎಟಿಯೇ ದೇಶವ್ಯಾಪಿ ಸ್ಕಾಲರ್‌ಶಿಪ್ ಸ್ಪರ್ಧೆಯಾದ ನ್ಯಾಷನಲ್ ಮೆರಿಟ್‌ಗೆ ಎಣಿಕೆಯಾಗುವುದು. ಅಮೆರಿಕದ ಹೈಸ್ಕೂಲಿನಲ್ಲಿ ಓದುವವರು ನಾಗರಿಕರಲ್ಲದಿದ್ದರೂ ಅದರಲ್ಲಿ ಭಾಗವಹಿಸಬಹುದು. ಅಂದಹಾಗೆ, ಅವಾಂಟ್ ಸಂಸ್ಥೆಯ ಭಾಷಾ ಪರೀಕ್ಷೆಗಳಲ್ಲಿ ಕನ್ನಡವೂ ಇದೆ, ಅದನ್ನು ಒಪ್ಪುವ ಶಾಲಾ ಡಿಸ್ಟ್ರಿಕ್ಟ್‌ಗಳಲ್ಲಿ ವಿದೇಶಿ ಭಾಷೆಯ ಕ್ರೆಡಿಟ್ ಮನೆಯ ಭಾಷೆಯಿಂದಲೇ ಸಿಗುತ್ತದೆ. ಅದರಿಂದ ದುಡ್ಡು ಬಾರದಿದ್ದರೂ ವೇಳಾಪಟ್ಟಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ.

ಎಚ್ಚರಿಕೆಯೊಂದಿದೆ. ಮಗಳ ಸ್ನೇಹಿತೆಯರು ಹದಿನಾರಕ್ಕೆ ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿದಾಗ ಆಕೆಗೂ ಆಸೆಯಾದೀತು. ಎಚ್-4 ಮಕ್ಕಳು ಸಂಬಳಕ್ಕೆ ದುಡಿಯುವಂತಿಲ್ಲ, ಬೇಸಿಗೆಯ ವೇತನಸಹಿತ ಇಂಟರ್ನ್‌ಶಿಪ್ಪೂ ಸಲ್ಲದು. ಗ್ರಂಥಾಲಯ, ಆಹಾರ ಬ್ಯಾಂಕು, ಕನ್ನಡ ಕೂಟದ ಮಕ್ಕಳ ತರಗತಿಗಳಂಥ ಕಡೆ ನಿಜವಾದ ಸ್ವಯಂಸೇವೆಗೆ ಅಡ್ಡಿಯಿಲ್ಲ.

ಕನ್ಸಲ್ಟೆಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಒಂಬತ್ತನೇ ತರಗತಿಗೆ ಅದು ದಂಡ. ಸ್ಕಾಲರ್‌ಶಿಪ್ ಖಂಡಿತ ಕೊಡಿಸುತ್ತೇವೆ ಎಂದು ಮುಂಗಡ ಹಣ ಕೇಳುವವರಿಂದಂತೂ ದೂರವಿರಿ. ಹನ್ನೆರಡರ ಹೊತ್ತಿಗೆ ಬೇಕಿದ್ದರೆ ನೋಡಿಕೊಳ್ಳಬಹುದು. ಆಗಲೂ ಅರ್ಲಿ ಡಿಸಿಷನ್ ಎಂಬ ಬದ್ಧತೆಯ ಅರ್ಜಿಗೆ ಸಹಿ ಹಾಕುವ ಮುನ್ನ ಯೋಚಿಸಿ, ಏಕೆಂದರೆ ಒಂದೇ ಕಾಲೇಜಿಗೆ ಒಪ್ಪಿಕೊಂಡ ಮೇಲೆ ಬೇರೆಯವರು ಎಷ್ಟು ಕೊಡುತ್ತಾರೆಂದು ಹೋಲಿಸಿ ನೋಡಲು ದಾರಿಯಿರುವುದಿಲ್ಲ. ಹೊರಗಿನ ಸಂಸ್ಥೆಯಿಂದ ಬಹುಮಾನ ಬಂದರೆ ಕೆಲವು ಕಾಲೇಜುಗಳು ಅಷ್ಟೇ ಮೊತ್ತವನ್ನು ತಮ್ಮ ನೆರವಿನಿಂದ ಕಳೆಯುತ್ತವೆ. ಅದನ್ನೂ ಮುಂಚೆಯೇ ಕೇಳಿಕೊಳ್ಳಿ. ಮತ್ತು ಆದಾಯ ತೋರಿಸಿದ ವರ್ಷದ ನಂತರ ಕೆಲಸ ಹೋದರೆ ಅಥವಾ ಸಂಬಳ ಇಳಿದರೆ, ನೆರವಿನ ಕಚೇರಿಗೆ ದಾಖಲೆಗಳೊಂದಿಗೆ ಪತ್ರ ಬರೆದು ಮರುಪರಿಶೀಲನೆ ಕೋರುವ ಅವಕಾಶವಿದೆ. ನಮ್ಮವರು ಸಂಕೋಚದಿಂದ ಕೇಳುವುದೇ ಇಲ್ಲ. ಅಂಥ ಪತ್ರಗಳನ್ನು ಓದಿ ಮೊತ್ತ ತಿದ್ದುವುದು ಆ ಕಚೇರಿಯವರ ದಿನನಿತ್ಯದ ಕೆಲಸ.